ತಾಳಿ ಕಾಣದ ಬ್ಯಾಂಡಿನವರು

ನಾನು ಹಾಜರಿದ್ದ ಮದುವೆಗಳಿಗೆ ಲೆಕ್ಕವಿಲ್ಲ. ಆದರೆ ತಾಳಿ ಕಟ್ಟುವುದನ್ನು ಕಣ್ಣಾರೆ ಕಂಡದ್ದು ಒಂದೇ ಸಲ, ಅದೂ ಕಟ್ಟುತ್ತಿದ್ದವನು ನಾನೇ ಆಗಿದ್ದರಿಂದ. ಆಗಲೂ ಪೂರ್ತಿ ಕಂಡೆನೆಂದು ಹೇಳಲಾರೆ. ಕೊನೆಯ ಗಂಟನ್ನು ನನ್ನ ಅಕ್ಕನೇ ಬಿಗಿದಳೆಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಊಟದ ಹೊತ್ತಿಗೆ ಸರಿಯಾಗಿ ಬಂದಿಳಿಯುವ ನೆಂಟ ನಾನೆಂದು ತಿಳಿಯಬೇಡಿ. ನಾನು ಬ್ಯಾಂಡಿನವನು. ವಾರವೆಲ್ಲ ನ್ಯಾಮತಿಯ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ರಜೆ ಬಂತೆಂದರೆ ಕೆಂಪು ಕೋಟು ತೊಟ್ಟು, ಸಾಸ್ವೆಹಳ್ಳಿಯ ನಮ್ಮ ಮನೆತನದ ಬ್ಯಾಂಡಿನಲ್ಲಿ ಜಾಂಜ್ ಬಡಿಯುತ್ತೇನೆ. ಒಂದಕ್ಕೊಂದು ಅಪ್ಪಳಿಸುವ ಆ ಎರಡು ಹಿತ್ತಾಳೆ ತಟ್ಟೆಗಳೇ ಜಾಂಜ್. ಮನೆಯಲ್ಲಿ ಸಂಗೀತ ಹತ್ತದವನ ಕೈಗೆ ಕೊಡುವ ವಾದ್ಯ ಅದು. ಸೋಮವಾರ ತರಗತಿಗೆ ಹೋದರೆ ಹಿಂದಿನ ಬೆಂಚಿನಿಂದ ಮೆಲ್ಲಗೆ ‘ಝಣ್’ ಎಂದು ಯಾರೋ ಬಾಯಲ್ಲೇ ಬಾರಿಸುತ್ತಾರೆ. ನಾನು ಬೋರ್ಡಿನ ಕಡೆ ತಿರುಗಿ ನಗುತ್ತೇನೆ. ತಾಳ ತಪ್ಪಿದಾಗ ಮಾತ್ರ ಗದರುತ್ತೇನೆ.

ಮದುವೆ ಮನೆಯಲ್ಲಿ ನಮ್ಮ ಜಾಗ ಬಾಗಿಲ ಪಕ್ಕ. ಮುಹೂರ್ತ ಹತ್ತಿರ ಬಂದಾಗ ಮಂಟಪದ ಕಣ್ಣೆಲ್ಲ ವಧುವಿನ ಕೊರಳ ಮೇಲಿದ್ದರೆ, ನಮ್ಮ ಕಣ್ಣು ಮದುವೆ ಮಾಡಿಸುವ ಅಯ್ಯನವರ ಬಲಗೈ ಮೇಲೆ. ಆ ಕೈ ಮೇಲೆದ್ದು ‘ಗಟ್ಟಿಮೇಳ’ ಎಂದೊಡನೆ ಇಡೀ ಬ್ಯಾಂಡು ಒಟ್ಟಿಗೆ ಸಿಡಿಯಬೇಕು. ಒಂದು ಉಸಿರು ತಡವಾದರೂ ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ, ಹಿರಿಯರೊಬ್ಬರು ಶಕುನದ ಮಾತೆತ್ತುತ್ತಾರೆ. ಹಾಗಾಗಿ ನಮಗೆ ಕೈಯೇ ದೇವರು. ಚನ್ನಗಿರಿ ಕಡೆಯ ಅಯ್ಯನವರೊಬ್ಬರ ಕೈಯನ್ನು ಹಸಿರು ಹರಳಿನ ಉಂಗುರದಿಂದಲೇ ಗುರುತಿಸುತ್ತೇನೆ. ಅವರೇ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಿ ‘ಆರಾಮಾ ಮೇಷ್ಟ್ರೇ?’ ಎಂದಾಗ, ಅವರು ಕೈ ಎತ್ತುವವರೆಗೂ ಯಾರೆಂದು ತಿಳಿಯಲಿಲ್ಲ.

ನಮ್ಮ ಅಜ್ಜನ ಕಾಲದಲ್ಲಿ ಬ್ಯಾಂಡೆಲ್ಲಿತ್ತು? ಬಡಿಯಲು ಹಲಗೆ ಇತ್ತು, ಊದಲು ಸನಾದಿ ಇತ್ತು. ಅಜ್ಜ ಒಮ್ಮೆ ದಾವಣಗೆರೆಗೆ ಹೋದವನು ಬೀದಿಯಲ್ಲಿ ಫಳಫಳ ಹೊಳೆಯುವ ಟ್ರಂಪೆಟ್ ಕಂಡು ಅದರ ಹಿಂದೆಯೇ ಊರೆಲ್ಲ ನಡೆದನಂತೆ, ಬಂದ ಕೆಲಸ ಮರೆತನಂತೆ. ಕೊನೆಗೆ ಹಳೆಯದೊಂದನ್ನು ಸಂಪಾದಿಸಿಕೊಂಡು ಬಂದ. ಈ ವಾದ್ಯಗಳ ಹುಟ್ಟನ್ನು ಹುಡುಕಿಕೊಂಡು ಹೋದರೆ ಪರದೇಶದ ದಂಡಿನವರ ಬಳಿ ತಲುಪುತ್ತೇವೆ. ಸಿಪಾಯಿಗಳನ್ನು ಯುದ್ಧಕ್ಕೆ ನಡೆಸಲು ಊದುತ್ತಿದ್ದುದನ್ನು ನಾವು ಮದುಮಗನನ್ನು ಮಂಟಪಕ್ಕೆ ನಡೆಸಲು ಊದುತ್ತಿದ್ದೇವೆ. ವ್ಯತ್ಯಾಸವೇನಿದೆ ಎಂದು ಕೇಳುವವರು ನಮ್ಮ ಮನೆಯಲ್ಲೇ ಇದ್ದಾರೆ. ಇನ್ನು, ಬ್ಯಾಂಡಿನವರನ್ನು ಬಾಗಿಲಲ್ಲೇ ನಿಲ್ಲಿಸುವುದಕ್ಕೆ ಸದ್ದೊಂದೇ ಕಾರಣವಾಗಿರಲಿಲ್ಲ. ಅಜ್ಜನಿಗೆ ಅದು ಗೊತ್ತಿತ್ತು, ಬೇಸರವೂ ಇತ್ತು. ಕೆಂಪು ಕೋಟು ಹೊಲಿಸಿದ್ದು ಅವನೇ. ಹೊರಗೆ ನಿಲ್ಲಿಸಿದರೂ ಎಲ್ಲರಿಗಿಂತ ಮೊದಲು ನಾವೇ ಕಾಣಬೇಕು ಎನ್ನುತ್ತಿದ್ದನಂತೆ. ಈಗ ಕಾಲ ಬದಲಾಗಿದೆ, ಒಳಗೆ ಕರೆಯುತ್ತಾರೆ. ನಾವೇ ರೂಢಿಯ ಬಲದಿಂದ ಬಾಗಿಲಿಗೆ ಅಂಟಿಕೊಂಡಿದ್ದೇವೆ.

ಈಗ ಟ್ರಂಪೆಟ್ ಹಿಡಿದಿರುವವನು ಹನುಮಂತಣ್ಣ, ನನ್ನ ದೊಡ್ಡಪ್ಪನ ಮಗ, ನಮ್ಮ ಬ್ಯಾಂಡಿನ ಮಾಸ್ತರ. ಮೀಸೆ ಹಣ್ಣಾಗಿದೆ, ಕೆನ್ನೆ ಮಾತ್ರ ಹರೆಯದ್ದು. ಬೆಳಿಗ್ಗೆ ಅವನು ಊದಲು ಕೂತರೆ ಓಣಿಯ ನಾಯಿಗಳೂ ಎದ್ದು ಸರಿಯಾಗಿ ಕೂರುತ್ತವೆ. ಸ್ವಂತ ತಂಗಿಯ ಮದುವೆಯಲ್ಲೂ ಬಾಗಿಲಲ್ಲಿ ನಿಂತು ಊದಿದ ಪುಣ್ಯಾತ್ಮ. ತಂಗಿಯನ್ನು ಕಳಿಸಿಕೊಡುವಾಗ ಎಲ್ಲರೂ ಅಳುತ್ತಿದ್ದರೆ ಇವನಿಗೆ ಅಳಲಿಕ್ಕೂ ಬಾಯಿಗೆ ಬಿಡುವಿರಲಿಲ್ಲ.

ಆಮೇಲೆ ಬ್ಯಾಂಡಿನವರೆಲ್ಲ ಸೇರಿ ಒಂದು ಪದ್ಧತಿ ಮಾಡಿಕೊಂಡರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಯಾವ ಕಡೆಯ ಬ್ಯಾಂಡಿನವನ ಮನೆಯಲ್ಲಿ ಮದುವೆಯಾದರೂ ಬೇರೆ ಊರಿನ ಬ್ಯಾಂಡು ಬಂದು ಬಾರಿಸಬೇಕು. ಮನೆಯವರು ವಾದ್ಯ ಮುಟ್ಟಕೂಡದು. ಬಂದವರಿಗೆ ಸಂಭಾವನೆ ಏನೆಂದರೆ ಮೊದಲ ಪಂಕ್ತಿಯ ಊಟ, ಬೀಗರಿಗಿಂತಲೂ ಮೊದಲು. ಯಾವಾಗಲೂ ಅಡುಗೆಯವರ ಜೊತೆ ಕೊನೆಯ ಪಂಕ್ತಿಯಲ್ಲಿ ಕೂತು, ತಳ ಹಿಡಿದ ಗೋಧಿ ಹುಗ್ಗಿ ಉಂಡವರಿಗೆ ಮೊದಲ ಪಂಕ್ತಿಯ ಬಿಸಿ ಹುಗ್ಗಿ ಎಂದರೆ ಏನೆಂದು ನಿಮಗೆ ಹೇಳಿ ತಿಳಿಸಲಾರೆ. ನಾನು ಅದಕ್ಕಾಗಿಯೇ ಜಗಳೂರಿನವರೆಗೆ ಜಾಂಜ್ ಹೊತ್ತುಕೊಂಡು ಹೋಗಿದ್ದೇನೆ.

ಹೋದ ವರ್ಷ ಹನುಮಂತಣ್ಣನ ಒಬ್ಬಳೇ ಮಗಳು ರೇಖಾಳ ಮದುವೆ ಗೊತ್ತಾಯಿತು. ಅವಳು ದಾವಣಗೆರೆಯಲ್ಲಿ ನರ್ಸು, ಹುಡುಗ ಉಬ್ರಾಣಿಯವನು. ಅವಳು ಬಂಗಾರ ಕೇಳಲಿಲ್ಲ, ಸೀರೆಗೆ ತಕರಾರು ತೆಗೆಯಲಿಲ್ಲ. ಅಪ್ಪನ ಮುಂದೆ ಕೂತು ಒಂದೇ ಮಾತು ಹೇಳಿದಳು.

“ಅಪ್ಪಾ, ಪದ್ಧತಿ ಮುರ್ದು ನೀನು ಬಾಗ್ಲಾಗೆ ನಿಂತ್ಕಬ್ಯಾಡ. ನನ್ ಪಕ್ಕದಾಗೆ ನಿಂತ್ಕಂಡು ತಾಳಿ ಕಟ್ಟೋದು ನೋಡ್ಬೇಕು. ಊರಾಗಿನ ಹುಡುಗೀರ ಮದ್ವಿಗೆಲ್ಲಾ ಹೋಗೀಯ, ಒಬ್ರುದಾದ್ರೂ ನೋಡೀಯಾ?”

ಹನುಮಂತಣ್ಣ ಮೀಸೆ ತಿರುವಿದ. “ನಾನು ಊದ್ದೆ ಇದ್ರೆ ಅದು ಮದ್ವಿ ಹೆಂಗಾಗುತ್ತವ್ವಾ?”

“ಒಂದಿನ ಬರೇ ಅಪ್ಪ ಆಗಿ ಇರಾಕೆ ಆಗಲ್ವಾ?”

ಅವನು ಒಪ್ಪಿದ. ಅವಳಿಗೆ ನಂಬಿಕೆ ಸಾಲದೆ ಟ್ರಂಪೆಟ್ಟನ್ನು ಬೀರುವಿನಲ್ಲಿಟ್ಟು, “ಚಿಕ್ಕಪ್ಪಾ, ನೀವೇ ಇಟ್ಕಳ್ರಿ” ಎಂದು ಬೀಗದ ಕೈಯನ್ನು ನನಗೆ ಕೊಟ್ಟಳು. ಮದುವೆಯ ದಿನ ಹನುಮಂತಣ್ಣ ರೇಷ್ಮೆ ಪಂಚೆ ಉಟ್ಟು ಸಮುದಾಯ ಭವನದಲ್ಲಿ ಓಡಾಡುತ್ತಿದ್ದ. ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಬೆನ್ನ ಹಿಂದೆ, ಒಮ್ಮೆ ಶಲ್ಯದೊಳಗೆ ಇಟ್ಟುಕೊಳ್ಳುತ್ತಿದ್ದ. ಜಗಳೂರಿನ ಬ್ಯಾಂಡು ಬಾಗಿಲಲ್ಲಿ ಸಜ್ಜಾಗಿತ್ತು. ನಾನೂ ಜಾಂಜ್ ಇಲ್ಲದೆ, ಅಕ್ಕಿಕಾಳು ಹಿಡಿದು ಜನರ ನಡುವೆ ನಿಂತಿದ್ದೆ. ಈ ಸಲ ತಾಳಿ ನೋಡಿಯೇ ಬಿಡುವುದೆಂದು ನಿರ್ಧಾರ ಮಾಡಿದ್ದೆ.

ಗಟ್ಟಿಮೇಳ ಮೊಳಗಿತು. ಜಗಳೂರಿನವರು ಭವನದ ತಗಡು ಅದುರುವ ಹಾಗೆ ಬಾರಿಸಿದರು. ಅಕ್ಕಿಕಾಳು ಮಳೆಯಂತೆ ಬಿತ್ತು. ಎಲ್ಲ ಮುಗಿದ ಮೇಲೆ ರೇಖಾ ಕಣ್ಣೊರೆಸಿಕೊಂಡು ಕೇಳಿದಳು, “ನೋಡಿದ್ಯೇನಪ್ಪಾ?”

“ನೋಡ್ದೆ ಬಿಡವ್ವಾ, ನೋಡ್ದೇ ಇರ್ತೀನಾ” ಎಂದ ಹನುಮಂತಣ್ಣ. ನಾನು ನೋಡಿದ್ದು ಅಯ್ಯನವರ ಕೈಯನ್ನು ಮಾತ್ರ.

ಮೊನ್ನೆ ನಾನೂ ಅವನೂ ಉಬ್ರಾಣಿಗೆ ಹೋಗಿದ್ದೆವು. ಬೀಗರ ಮನೆಯ ಪಡಸಾಲೆಯಲ್ಲಿ ಎದುರಿಗೇ ದೊಡ್ಡದೊಂದು ಫೋಟೋ ತೂಗುಹಾಕಿದ್ದಾರೆ. ಅಳಿಯ ತಾಳಿ ಕಟ್ಟುತ್ತಿದ್ದಾನೆ. ರೇಖಾ ತಲೆ ಬಗ್ಗಿಸಿದ್ದಾಳೆ. ಸುತ್ತ ನಿಂತವರೆಲ್ಲ ಅವಳ ಕೊರಳನ್ನೇ ನೋಡುತ್ತಿದ್ದಾರೆ. ಪಕ್ಕದಲ್ಲಿ ರೇಷ್ಮೆ ಪಂಚೆಯ ಹನುಮಂತಣ್ಣನೊಬ್ಬ ಮಾತ್ರ ಕತ್ತೆತ್ತಿ ಅಯ್ಯನವರ ಕೈಯನ್ನು ನೋಡುತ್ತಿದ್ದಾನೆ. ಅವನ ಎರಡೂ ಕೆನ್ನೆಗಳು ಪೂರಿಯ ಹಾಗೆ ಉಬ್ಬಿವೆ! ಟ್ರಂಪೆಟ್ ಬೀರುವಿನಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ, ಉಸಿರಿಗೆ ಮಾತ್ರ ಬೀಗ ಹಾಕಲು ಯಾರಿಗೂ ಹೊಳೆದಿರಲಿಲ್ಲ.

ಹನುಮಂತಣ್ಣನ ಸುಳ್ಳು ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ಸಿಕ್ಕಿಬಿದ್ದಿತ್ತು. ಅವನ ಮುಖ ನಮ್ಮ ಬ್ಯಾಂಡಿನ ಕೋಟಿನ ಬಣ್ಣಕ್ಕೆ ತಿರುಗಿತು.

“ಇದುನ್ನ ತೆಗೆದುಬಿಡವ್ವಾ, ಮಂದಿ ನಗ್ತಾರೆ.”

ರೇಖಾ ಚಹಾದ ಲೋಟಗಳನ್ನು ಕೆಳಗಿಟ್ಟಳು. “ಬ್ಯಾರೆ ಫೋಟೋನೂ ಅದಾವೆ, ಇದುನ್ನ ನಾನೇ ಆರಿಸಿದ್ದು. ಎಲ್ರ ಅಪ್ಪಂದ್ರೂ ಮಗಳ ಮದ್ವೇಲಿ ಅಳ್ತಾರೆ. ನಮ್ಮಪ್ಪ ಊದ್ಯಾನೆ. ಇರ್ಲಿ ಬಿಡು, ನಂಗೆ ಚೆನ್ನಾಗೈತೆ.”

ಹನುಮಂತಣ್ಣ ಸ್ವಲ್ಪ ಹೊತ್ತು ಚಹಾ ಕುಡಿದ ಹಾಗೆ ಮಾಡಿದ. ಆಮೇಲೆ ಎದ್ದು, ಕನ್ನಡಕ ಹಾಕಿಕೊಂಡು ಫೋಟೋದ ಹತ್ತಿರ ಹೋದ. ತನ್ನ ಕೆನ್ನೆಯನ್ನು ನೋಡಲಿಲ್ಲ, ಅಯ್ಯನವರ ಕೈಯನ್ನೂ ನೋಡಲಿಲ್ಲ. ಮಗಳ ಕೊರಳಿನ ಹತ್ತಿರ ಮುಖ ತಂದು ನಿಂತ. ಅವನ ಬಿಸಿಯುಸಿರಿಗೆ ಗಾಜು ಮಸುಕಾಯಿತು. ಟವೆಲ್ಲಿನ ತುದಿಯಿಂದ ಒರೆಸಿ, ಉಸಿರು ಬಿಗಿಹಿಡಿದು ಮತ್ತೆ ನೋಡಿದ.

“ಚೆನ್ನಾಗೇ ಕಟ್ಟ್ಯಾನೆ ಕಣವ್ವಾ” ಎಂದ.