ಅಂಚಿಗೆ ಸರಿದ ತೂತು

ಮಸ್ಕಿಯ ದಾದೇಸಾಬ ಹದಿನಾರು ವರ್ಷ ಗಾಡಿಯ ಗಾಲಿಗಳಿಗೆ ಕಬ್ಬಿಣದ ಪಟ್ಟಿ ತೊಡಿಸಿದವನು. ೧೯೫೨ರಲ್ಲಿ ಎಡದಂಡೆ ಕಾಲುವೆಯ ಕೆಲಸಕ್ಕೆ ಕಮ್ಮಾರರು ಬೇಕೆಂದು ಸುದ್ದಿ ಬಂದಾಗ ಕುಲುಮೆಯನ್ನು ತಮ್ಮನಿಗೆ ಒಪ್ಪಿಸಿ, ಹೆಂಡತಿ ಬಿಬಿಜಾನಳನ್ನು ಕರೆದುಕೊಂಡು ಗೊರೇಬಾಳದ ಹತ್ತಿರದ ಕ್ಯಾಂಪಿಗೆ ಹೋದ. ಕೈ ಒಳ್ಳೆಯದು, ಮಾತು ಕಡಿಮೆ. ಮೇಲಿನವರ ಎದುರು ನಿಂತರೆ ಅವನಿಗೆ ನಾಲಿಗೆ ಒಣಗುತ್ತಿತ್ತು.

ಎರಡನೆಯ ವರ್ಷ ತೂಬುಗಳಿಗೆ ಕಬ್ಬಿಣದ ಗೇಟುಗಳು ಬಂದವು. ಒಂದೊಂದೂ ಎರಡು ಟನ್ ಭಾರ. ಕ್ರೇನಿನ ಕೊಕ್ಕೆಗೆ ಎರಡು ಸರಪಳಿ ಓರೆಯಾಗಿ ಕಟ್ಟಿ ಮೊದಲನೆಯದನ್ನು ಎತ್ತಿದಾಗ, ಸರಪಳಿಗಳು ಒಳಮುಖವಾಗಿ ಎಳೆದು ಗೇಟಿನ ತಗಡೇ ಬಾಗಿತು. ಆಗ ಇಂಜಿನಿಯರ್ ಸಾಹೇಬರು ನಕ್ಷೆ ಬರೆದುಕೊಟ್ಟರು. ಕೊಕ್ಕೆಯ ಕೆಳಗೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ. ಅದರ ಎರಡು ತುದಿಗಳಿಂದ ನೆಟ್ಟಗೆ ಇಳಿಯುವ ಸರಪಳಿ. ಸರಪಳಿ ಸಿಕ್ಕಿಸುವ ತೂತಿಗೂ ತೊಲೆಯ ಕೆಳಗಿನ ಅಂಚಿಗೂ ನಡುವೆ ಮೂರು ಇಂಚು ಕಬ್ಬಿಣ ಉಳಿಯಲೇಬೇಕೆಂದು ಅವರು ನಕ್ಷೆಯಲ್ಲಿ ಎರಡು ಸಲ ಗೆರೆ ಎಳೆದಿದ್ದರು.

ತೊಲೆಯನ್ನು ಕಾಸಿ ತೂತು ಹೊಡೆಯುವಾಗ ದಾದೇಸಾಬನ ಉಳಿ ಜಾರಿತು. ಒಂದು ತುದಿಯಲ್ಲಿ ಅರ್ಧ ಇಂಚಷ್ಟೇ ಉಳಿಯಿತು. ಆ ಕಬ್ಬಿಣಕ್ಕಾಗಿ ಎಲ್ಲರೂ ತಿಂಗಳುಗಟ್ಟಲೆ ಕಾದಿದ್ದರು. ಹೇಳಲು ಎರಡು ಸಲ ಆಫೀಸಿನ ಬಾಗಿಲವರೆಗೆ ಹೋದ, ಎರಡು ಸಲವೂ ತಿರುಗಿ ಬಂದ. ಕೊನೆಗೆ ಅರದಿಂದ ಉಜ್ಜಿ, ಕೆಂಪು ಬಣ್ಣ ಬಳಿದುಬಿಟ್ಟ. ಅಂದಿನಿಂದ ಅರ್ಧ ರೊಟ್ಟಿ ಬಿಟ್ಟು ಏಳತೊಡಗಿದ. ಬಿಬಿಜಾನ್ ಕೇಳಿದರೆ ಹೊಟ್ಟೆನೋವು ಎಂದ.

ಗೇಟು ಇಳಿಸುವ ಬೆಳಿಗ್ಗೆ ಅವನು ಗೇಟು ತೂಗಾಡದಂತೆ ಕಟ್ಟಿದ ಹಗ್ಗ ಹಿಡಿದು ದಂಡೆಯ ಮೇಲೆ ನಿಂತಿದ್ದ. ಕೆಳಗೆ ತೂಬಿನ ಗುಂಡಿಯಲ್ಲಿ ಸಾಲಗುಂದದ ಗಾಳೆಮ್ಮ ಮತ್ತು ಮೂವರು ಆಳುಗಳು ಗಾರೆ ಬಳಿಯುತ್ತಿದ್ದರು. ಗೇಟು ಮೇಲೆದ್ದು ಗುಂಡಿಯ ಕಡೆ ತಿರುಗತೊಡಗಿತು. ದಾದೇಸಾಬನ ಕಣ್ಣು ಆ ತೂತನ್ನು ಬಿಟ್ಟು ಕದಲಲಿಲ್ಲ. ತೂತಿನ ಕೆಳಗೆ ಬಣ್ಣ ಕೂದಲೆಳೆಯಷ್ಟು ಬಿರಿಯಿತು. ಒಂದು ಚಕ್ಕೆ ಉದುರಿತು.

ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ.

"ಗಾಳೆಮ್ಮಾ, ಹೊರಗ ಬಾ. ಎಲ್ಲಾರೂ ಹೊರಗ ಬರ್ರಿ."

"ಏನಾತೋ ದಾದೇಸಾಬ?" ಎಂದ ಓವರ್‌ಸಿಯರ್ ಕರಿಬಸಪ್ಪ, ಸಿಟ್ಟಿನಿಂದ.

"ಹಿಂದಕ್ಕ ತಿರುಗಸ್ರಿ ಸಾಹೇಬ್ರ, ನೆಲಕ್ಕ ಇಳಸ್ರಿ. ತೊಲಿ ಹರ್ಯಾಕತ್ತೈತಿ."

ಅವನ ಮುಖ ನೋಡಿ ಕರಿಬಸಪ್ಪ ಕ್ರೇನಿನವನಿಗೆ ಕೈ ಬೀಸಿದ. ಕ್ರೇನು ಹಲ್ಲುಗಾಲಿಯ ಒಂದೊಂದೇ ಹಲ್ಲು ಸರಿದು ಹಿಂದೆ ತಿರುಗಿತು. ಗಾಳೆಮ್ಮ ಏಣಿಯ ಮೇಲ್ತುದಿಯ ಮೆಟ್ಟಿಲಲ್ಲಿದ್ದಳು. ಗೇಟು ನೆಲದಿಂದ ಒಂದು ಗೇಣು ಮೇಲಿದ್ದಾಗ ತೂತಿನ ಅಂಚು ಕಿತ್ತುಬಂತು. ಗೇಟು ಒಂದು ಕಡೆ ಧಡ್ಡನೆ ಕುಸಿದು ದಂಡೆಯ ಮಣ್ಣಿನಲ್ಲಿ ಹೂತುಕೊಂಡಿತು. ಯಾರಿಗೂ ಗಾಯವಾಗಲಿಲ್ಲ. ದಾದೇಸಾಬ ಹಗ್ಗ ಬಿಟ್ಟು ದಂಡೆಯ ಮೇಲೆ ಕುಳಿತುಬಿಟ್ಟ.

ಮಧ್ಯಾಹ್ನ ಇಂಜಿನಿಯರ್ ಸಾಹೇಬರು ಹರಿದ ತುದಿಯನ್ನು ಬೆರಳಿನಿಂದ ಅಳೆದರು. "ಇದು ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಯಾಕ ಹೇಳಲಿಲ್ಲ?"

"ಅಂಜಿಕಿ ಬಂತ್ರಿ."

ಅವರು ನಕ್ಷೆ ಬಿಚ್ಚಿ ತಾವು ಎಳೆದ ಗೆರೆ ನೋಡಿದರು. ಆಮೇಲೆ, "ಭಾರ ಹಾಕಿ ನೋಡದೇ ನಾನೂ ಹೆಂಗ ಮೇಲೆತ್ತಿಸಿದೆ?" ಎಂದರು. ದಾದೇಸಾಬನನ್ನು ಹದಿನೈದು ದಿನ ಕಲ್ಲು ಒಡೆಯಲು ಕಳಿಸಿದರು, ಕೆಲಸದಿಂದ ತೆಗೆಯಲಿಲ್ಲ. ಅಲ್ಲಿಂದ ಪ್ರತಿ ತೊಲೆಗೂ ಒಂದು ಕಟ್ಟಳೆ ಬಂತು: ಎತ್ತಬೇಕಾದ ಭಾರದ ಒಂದೂಕಾಲು ಪಟ್ಟು ಕಲ್ಲು ಹೇರಿ, ನೆಲದಿಂದ ಒಂದು ಗೇಣು ಮೇಲೆ ಒಂದು ತಾಸು ತೂಗುಬಿಡುವುದು. ಬಾಗಿದೆಯೇ, ಬಿರಿದಿದೆಯೇ ನೋಡಿ, ಎಷ್ಟು ಟನ್ ತಾಳುತ್ತದೆ ಎಂದು ಮೈಮೇಲೆ ಕೊರೆಯುವುದು. ಹೊಸ ತೊಲೆಯನ್ನೂ ದಾದೇಸಾಬನೇ ಮಾಡಿದ. ಅದರ ಮೇಲೆ ಬಣ್ಣ ಬಳಿಯಲು ಮಾತ್ರ ಒಪ್ಪಲಿಲ್ಲ.

ಗಾಳೆಮ್ಮ ಒಂದು ತಿಂಗಳು ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಗುಂಡಿಗೆ ಇಳಿಯುವ ಮುಂಚೆ ಪ್ರತಿ ಸಲ ಅವನನ್ನೇ ಕೇಳುತ್ತಿದ್ದಳು: "ತೂಗಿ ನೋಡೀಯೇನು?" ಹೂಂ ಎಂದ ಮೇಲೆಯೇ ಇಳಿಯುತ್ತಿದ್ದಳು.

೧೯೫೫ರ ಬೇಸಿಗೆಯಲ್ಲಿ, ದೊಡ್ಡ ಅಧಿಕಾರಿಗಳು ಕೆಲಸ ನೋಡಲು ಬಂದ ದಿನ, ಬೇರೆ ಕ್ಯಾಂಪಿನಿಂದ ತಂದ ತೊಲೆಯೊಂದನ್ನು ಕೊಕ್ಕೆಗೆ ಸಿಕ್ಕಿಸಿದ್ದರು. ಗಾಳೆಮ್ಮ ಎಂದಿನಂತೆ ಕೇಳಿದಳು. ಅಷ್ಟು ಜನ ಸಾಹೇಬರು ನೋಡುತ್ತಿದ್ದರು. ದಾದೇಸಾಬನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಇಲ್ಲವ್ವಾ, ಇದನ್ನ ನೋಡಿಲ್ಲ," ಎಂದ.

ಗಾಳೆಮ್ಮ ಗಾರೆಯ ಬುಟ್ಟಿ ಇಳಿಸಿ ದಂಡೆಯ ಮೇಲೆ ಕುಳಿತಳು. ಅವಳ ಹಿಂದೆ ನಲವತ್ತು ಆಳುಗಳೂ ಕುಳಿತರು. ಕಲ್ಲು ಹೇರಿ, ತೂಗಿ, ನೋಡಿ ಮುಗಿಯುವಷ್ಟರಲ್ಲಿ ಹೊತ್ತು ನೆತ್ತಿಯಿಂದ ಇಳಿದಿತ್ತು.