ತಗ್ಗಿಗೆ ಮುಹೂರ್ತ, ಗಿಡಕ್ಕೆ ಮಳೆ

ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ನಮ್ಮ ಪಕ್ಕದ ಮನೆಯ ನರ್ಸಬಾಯಿ ಸೆರಗಿನ ಮೇಲೆ ಗಡಿಯಾರವನ್ನು ತಲೆಕೆಳಗಾಗಿ ಪಿನ್ನು ಹಾಕಿಕೊಂಡೇ ಇರುತ್ತಿದ್ದರು. ಅಂಗಳ ಗುಡಿಸುವಾಗಲೂ ಅದು ಎದೆಯ ಮೇಲೆ ತೂಗಾಡುತ್ತಿತ್ತು. ಅಫಜಲಪುರದಲ್ಲಿ ನಮ್ಮ ಓಣಿಯ ಅರ್ಧ ಮಕ್ಕಳು ಹುಟ್ಟಿದ್ದು ಅವರ ಕೈಯಲ್ಲೇ, ನನ್ನ ಮಕ್ಕಳೂ ಹಾಗೆಯೇ. ಅವರ ಮನೆಯಲ್ಲಿ ಒಂದು ಬುದ್ಧನ ಮೂರ್ತಿ, ಅಷ್ಟೇ. ನಾನೋ ಗುರುವಾರ ಗಾಣಗಾಪುರದ ದತ್ತಗುರುವಿನ ದಿಕ್ಕಿಗೆ ಕೈ ಮುಗಿಯದೆ ನೀರು ಕುಡಿಯದವಳು. ನಮ್ಮಿಬ್ಬರ ನಡುವೆ ಸೊಂಟದೆತ್ತರದ ಗೋಡೆಯೊಂದಿತ್ತು. ಅದರ ಮೇಲಿಂದ ದಿನವೂ ಪಲ್ಯದ ಬಟ್ಟಲುಗಳು ಓಡಾಡುತ್ತಿದ್ದವು.

ನಮ್ಮ ಅಂಗಳದ ದುಂಡುಮಲ್ಲಿಗೆ ಗಿಡವನ್ನು ನಮ್ಮ ಅತ್ತೆ ತವರೂರು ಮಣ್ಣೂರಿನಿಂದ ತಂದು ನೆಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅದು ಹೂ ಬಿಡುವುದನ್ನೇ ನಿಲ್ಲಿಸಿತು. ಎಲೆಗೇನೂ ಬರವಿರಲಿಲ್ಲ. ಜೇವರ್ಗಿಗೆ ಕೊಟ್ಟ ನಾದಿನಿ ಬಂದಾಗಲೆಲ್ಲ ಗಿಡದ ಮುಂದೆ ನಿಲ್ಲುತ್ತಿದ್ದಳು.

"ಅವ್ವ ಇದ್ದಾಗ ಬುಟ್ಟಿ ತುಂಬ್ತಿತ್ತು. ನಮ್ಮ ವೈನಿ ಕೈಗುಣ ನೋಡ್ರಿ!"

ಅತ್ತಿಗೆಯಾದ ನನಗೆ ನಗುತ್ತಲೇ ಹೇಳುವಳು. ಆದರೆ ಆ ನಗು ನನಗೆ ರಾತ್ರಿಯೂ ಚುಚ್ಚುತ್ತಿತ್ತು.

ಒಂದು ಬೇಸಿಗೆಯಲ್ಲಿ ನಾದಿನಿ ಬಂದಿದ್ದಾಗ ನರ್ಸಬಾಯಿ ಬಂದು, ರೋಗಿಯ ಕಣ್ಣು ನೋಡುವ ಹಾಗೆ ಎಲೆಯನ್ನು ಮಗುಚಿ ನೋಡಿದರು.

"ನೀರು ಎಷ್ಟು ಹಾಕ್ತಿ ತಂಗಿ?"

"ಪೂಜಿ ನೀರು, ಅಭಿಷೇಕದ ಹಾಲು, ದಿನಾ ಎಲ್ಲಾ ಇದಕ್ಕೇ ಹಾಕ್ತೇನ್ರಿ."

"ಅದಕ್ಕ ನೋಡು. ಹೊಟ್ಟಿ ತುಂಬಿದಾಂವ ದುಡಿಯಾಕ ಹೋಗ್ತಾನೇನು?" ಎಂದು ನಕ್ಕು ತಲೆ ಎತ್ತಿದರು. ನಾವು ಹೊಸದಾಗಿ ಕಟ್ಟಿಸಿದ ಮಾಳಿಗೆ ಕೋಣೆಯ ನೆರಳು ದಿನವಿಡೀ ಗಿಡದ ಮೇಲಿರುತ್ತಿತ್ತು. "ಮಲ್ಲಿಗಿಗಿ ಬಿಸಿಲು ಬೇಕು. ಇದನ್ನ ಬಾಗಲ ಕಡಿ ಒಯ್ದು ಹಚ್ಚಬೇಕು."

ನಾದಿನಿಯ ಮುಖ ಬಿಗಿಯಿತು. "ಹಚ್ಚೂದಾದ್ರ ಅಕ್ಷಯ ತದಿಗಿ ದಿನಾನೇ ಹಚ್ರಿ. ಗಿಡ ಸತ್ತರ ಅವ್ವನ್ನ ಎರಡನೇ ಸಲ ಕಳಕೊಂಡಂಗ, ವೈನಿ."

ಮುಹೂರ್ತವೆಂದರೆ ನನಗೂ ಧೈರ್ಯ. ಆ ಬೆಳಿಗ್ಗೆ ಕಾಯಿ, ಕುಂಕುಮ, ಸಲಿಕೆ ಹಿಡಿದು ನಿಂತೆ. ಅಂಗಳದ ಗಚ್ಚುನೆಲ ಆಗಲೇ ಕಾಲು ಸುಡುತ್ತಿತ್ತು. ಬಾಯಿ ಬಂದವರೇ ಗಿಡಕ್ಕೆ ಅಡ್ಡ ನಿಂತರು.

"ಇಂಥಾ ಬಿಸಿಲಾಗ ಬೇರು ಎಬ್ಬಿಸಿದ್ರ ಸಂಜಿಗೇ ಒಣಗ್ತದ. ಮಿರಗದ ಮಳಿ ಆಗ್ಲಿ."

"ಮಳಿಗಾಲದಾಗ ಇಂಥಾ ಮುಹೂರ್ತ ಎಲ್ಲಿ ಸಿಗ್ತದ್ರಿ?" ಎಂದಳು ನಾದಿನಿ. "ನಿಮಗ ದೇವ್ರು ದಿಂಡ್ರು ಇಲ್ಲ, ನಮಗ ಅದಾವ."

ಬಾಯಿ ಸಿಟ್ಟಾಗಲಿಲ್ಲ. ಗಡಿಯಾರ ಎತ್ತಿ ನೋಡಿ, "ಮುಹೂರ್ತ ಇನ್ನಾ ಅದ ಇಲ್ಲೋ?" ಎಂದು ಕೇಳಿದರು.

"ಅದ," ಎಂದೆ ನಾನು.

"ಹಂಗಾದ್ರ ಜಲ್ದಿ ಸಲಿಕಿ ತಾ, ತಗ್ಗು ತೋಡೋಣು. ಮುಹೂರ್ತ ತಗ್ಗಿಗಿ, ಮಳಿ ಗಿಡಕ್ಕ. ಭೂಮಿಪೂಜಿ ಮಾಡಿದ ದಿನಾನೇ ಯಾರರ ಹೊಸಾ ಮನ್ಯಾಗ ಒಕ್ಕಲಾಗ್ತಾರೇನು?"

ನಾದಿನಿಗೆ ನಗು ಬಂತು. ಬಾಗಿಲ ಬಳಿ ತಗ್ಗು ತೋಡಿ, ಅದಕ್ಕೇ ಅರಿಶಿನ ಕುಂಕುಮ ಹಾಕಿ ಕಾಯಿ ಒಡೆದೆವು. ಹಾದಿಯಲ್ಲಿ ಹೋಗುವವರೊಬ್ಬರು, "ಏನ್ರಿ ಬಾಯಿ, ಬೋರ್ ಹಾಕಾಕತ್ತೀರೇನು?" ಎಂದು ಕೇಳಿಯೂ ಹೋದರು.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಬಿದ್ದು ನೆಲ ಚೆನ್ನಾಗಿ ನೆನೆದ ಮೇಲೆ ಗಿಡ ಎಬ್ಬಿಸಿದೆವು. ಬಾಯಿ ಮೊದಲು ಟೊಂಗೆಗಳನ್ನು ಅರ್ಧಕ್ಕೆ ಕತ್ತರಿಸಿದರು. ಆಮೇಲೆ ಸುತ್ತ ಅಗಲವಾಗಿ ಅಗೆದು, ಬೇರಿನ ಮಣ್ಣು ಉದುರದಂತೆ ಒದ್ದೆ ಗೋಣಿಚೀಲದ ಮೇಲೆ ಜಾರಿಸಿ, ನಮ್ಮ ಯಜಮಾನರು ಒಂದು ಕಡೆ, ನಾವಿಬ್ಬರು ಒಂದು ಕಡೆ ಹಿಡಿದು ಒಯ್ದೆವು.

ಸ್ವಲ್ಪ ದಿನಕ್ಕೇ ಎಲೆಯೆಲ್ಲ ಹಳದಿಯಾಗಿ ಉದುರಿ ಬರೀ ಕಡ್ಡಿ ಉಳಿಯಿತು. ಜೇವರ್ಗಿಯಿಂದ ಫೋನ್ ಬಂದರೆ ಎತ್ತಲು ಹೆದರಿದೆ. ಬಾಯಿ ಬಂದು ಹೆಬ್ಬೆರಳಿನ ಉಗುರಿನಿಂದ ಕಡ್ಡಿಯ ತೊಗಟೆ ಕೆರೆದರು. ಒಳಗೆ ಹಸಿರು!

"ಜೀವ ಅದ. ಸುಮ್ಮಿರು."

ಆ ಉಗುರಗಲದ ಹಸಿರು ಕಂಡು ನಾನು ದತ್ತಗುರುವಿಗೆ ಕೈ ಮುಗಿದೆ, ಬಾಯಿ ಕೈ ತೊಳೆದುಕೊಂಡರು.

ಗಿಡ ಚಿಗುರಿತು. ಚಳಿಗಾಲದಲ್ಲಿ ನೀರನ್ನೇ ನಿಲ್ಲಿಸು ಎಂದರು ಬಾಯಿ. ಅದು ನನಗೆ ಉಪವಾಸಕ್ಕಿಂತ ಕಷ್ಟವಾಯಿತು. ಪೂಜೆ ಮುಗಿಸಿ ತಂಬಿಗೆ ಹಿಡಿದು ಅತ್ತ ಹೆಜ್ಜೆ ಇಟ್ಟರೆ ಸಾಕು, ಗೋಡೆಯ ಆಚೆಯಿಂದ, "ಏನಬೇ, ಮತ್ತ ಉಣಸಾಕ ಹೊಂಟೀ?" ಎಂದು ದನಿ ಬರುತ್ತಿತ್ತು. ತುಳಸಿಗೆ ಹಾಕಿ ಒಳಗೆ ಬರುತ್ತಿದ್ದೆ. ಶಿವರಾತ್ರಿ ಕಳೆದ ಮೇಲೆ ಟೊಂಗೆ ಸವರಿ, ಗೊಬ್ಬರ ಕೊಟ್ಟು, ಬುಡ ತುಂಬ ನೀರು ಬಿಡಿಸಿದರು.

ಚೈತ್ರದ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ವಾಸನೆಯೇ ಮೊದಲು ಒಳಗೆ ಬಂತು. ಗಿಡ ಬೆಳ್ಳಗಾಗಿತ್ತು. "ಬಾಯೀ!" ಎಂದು ಕೂಗಿದೆ, ಹಲ್ಲುಜ್ಜುತ್ತಿದ್ದವರು ಹಾಗೆಯೇ ಓಡಿ ಬಂದರು. ಒಂದು ಮಾಲೆ ದತ್ತನಿಗೆ, ಒಂದು ಗೋಡೆಯ ಮೇಲಿಂದ ಬುದ್ಧನಿಗೆ.

ಸುದ್ದಿ ಕೇಳಿ ಬಂದ ನಾದಿನಿ ಗಿಡದ ಮುಂದೆ ನಿಂತು ಕಣ್ಣೊರೆಸಿಕೊಂಡಳು. "ನನಗೂ ಒಂದು ಟೊಂಗಿ ಬೇರು ಬಿಡಿಸಿ ಕೊಡ್ರಿ ಬಾಯಿ," ಎಂದಳು.

"ಕೊಡ್ತೇನಿ. ಮಳಿ ಬಿದ್ದ ಮ್ಯಾಲ."

ಕೊಟ್ಟರು ಕೂಡ. ಕಳೆದ ವೈಶಾಖದಲ್ಲಿ ಬಾಯಿ ನಿದ್ದೆಯಲ್ಲೇ ಹೋದರು. ಯಾರಿಗೂ ತೊಂದರೆ ಕೊಡದ ಸಾವು, ಅದೂ ದೊಡ್ಡ ಕರುಣೆಯೇ. ನಾನು ಬುಟ್ಟಿ ತುಂಬ ಹೂ ಬಿಡಿಸಿಕೊಂಡು ಹೋಗಿ ಅವರ ಪಕ್ಕ ಕೂತಿದ್ದೆ. ಮಧ್ಯಾಹ್ನ ಬಸ್ಸಿಳಿದು ಬಂದ ನಾದಿನಿಯ ಕೈಯಲ್ಲಿ ಒದ್ದೆ ಬಟ್ಟೆಯ ದೊಡ್ಡ ಗಂಟಿತ್ತು. ಅದನ್ನು ಬಿಚ್ಚಿ, ಅವರ ಪಾದದ ಮೇಲೆ ಬೊಗಸೆ ಬೊಗಸೆಯಾಗಿ ಮಲ್ಲಿಗೆ ಸುರಿದಳು.

"ನೋಡ್ರಿ ಬಾಯಿ, ಜೇವರ್ಗ್ಯಾಗೂ ಬಿಟ್ಟಾವ."