ನಾಗಮ್ಮ ಮಾರಲೊಪ್ಪದ ಬಿಯರ್

ರಾಜ್ಯಗಳ ಪುನರ್ವಿಂಗಡಣೆಯಾದ ಮರುವರ್ಷದ ಬೇಸಿಗೆಯಲ್ಲಿ ನನ್ನನ್ನು ತುಮಕೂರಿನಿಂದ ಯಾದಗಿರಿಗೆ ಅಬಕಾರಿ ಸಬ್ ಇನ್ಸ್‌ಪೆಕ್ಟರ್ ಆಗಿ ವರ್ಗ ಮಾಡಿದರು. ಆಗ ನನಗೆ ಇಪ್ಪತ್ತಾರು ವರ್ಷ. ಹೈದರಾಬಾದ್ ಸರಕಾರದ ಕಾಲದಿಂದ ನಡೆದುಬಂದ ಕಚೇರಿ ಅದು. ಹಳೆಯ ಕಡತಗಳೆಲ್ಲ ಉರ್ದುವಿನಲ್ಲಿದ್ದವು. ಅದರಲ್ಲಿ ಒಂದಕ್ಷರ ಓದಲು ಬಾರದ ನಾನು ಅಲ್ಲಿಯ ಅಧಿಕಾರಿ. ಹಿರಿಯ ಜವಾನ ಹುಸೇನಸಾಬರು ಓದಿ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ತಿಂಗಳೆಲ್ಲ ಹೀಗೇ ಕಳೆಯಿತು.

ಒಂದು ಬೆಳಿಗ್ಗೆ ಸಹಿಯಿಲ್ಲದ ಒಂದು ದೂರು ಬಂತು. ಸ್ಟೇಷನ್ ರಸ್ತೆಯ ಬ್ರಾಂದಿ ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ಬಿಯರ್ ಇದ್ದರೂ ಗಿರಾಕಿಗಳಿಗೆ ಇಲ್ಲವೆನ್ನುತ್ತಾರೆ, ಹಿಂಬಾಗಿಲಿನಿಂದ ಸುರಪುರದ ಕಡೆಗೆ ಸಾಗಿಸುತ್ತಾರೆ ಎಂಬುದು ಅದರ ಸಾರಾಂಶ. ಇಂಥ ದೂರು ಬಂದಾಗ ನಾವು ಸಾದಾ ಬಟ್ಟೆಯಲ್ಲಿ ಗಿರಾಕಿಯಂತೆ ಹೋಗಿ ಸರಕು ಕೇಳುವುದು ರೂಢಿ. ಇದಕ್ಕೆ ಪರೀಕ್ಷಾ ಖರೀದಿ ಎನ್ನುತ್ತಾರೆ. ನಾನು ಪಂಚೆಯುಟ್ಟು, ಕೈಯಲ್ಲೊಂದು ಚೀಲ ಹಿಡಿದು ಹೊರಟೆ. ಅಲ್ಲಿಯವರೆಗೆ ಬಿಯರ್ ಬಾಟಲಿಯನ್ನು ಕೈಯಲ್ಲಿ ಹಿಡಿದವನೂ ಅಲ್ಲ ನಾನು.

ಅಂಗಡಿಯ ಒಡತಿ ನಾಗಮ್ಮ. ಅರವತ್ತು ದಾಟಿದ, ತೆಳ್ಳಗಿನ ಹೆಂಗಸು. ಪರವಾನಗಿ ಅವರ ಹೆಸರಿನಲ್ಲೇ ಇತ್ತು. ಅವರ ಬೆನ್ನ ಹಿಂದೆ ಹುಲ್ಲು ತುಂಬಿದ ಮರದ ಪೆಟ್ಟಿಗೆಗಳು ಸಾಲಾಗಿ ಕಾಣುತ್ತಿದ್ದವು.

“ನಾಲ್ಕು ಬಿಯರ್ ಕೊಡೀಮ್ಮಾ” ಎಂದೆ.

“ಬಿಯರ್ ಇಲ್ಲ ತಮ್ಮಾ.”

“ಹಿಂದೆ ಕಾಣ್ತಾ ಇದೆಯಲ್ಲ?”

“ಕಾಣಾಕತ್ತದ, ಖರೇ. ಆದ್ರ ಕೊಡಂಗಿಲ್ಲ. ಬ್ಯಾರೆ ಏನರ ಬೇಕಾದ್ರ ಕೇಳು.”

ದೂರು ನಿಜವೆಂದು ತೀರ್ಮಾನಿಸಿ ನಾನು ಯಾರೆಂದು ಹೇಳಿದೆ. ಅವರು ಹೆದರುತ್ತಾರೆ ಎಂದುಕೊಂಡಿದ್ದೆ. ಅವರೋ ದಡಬಡಿಸಿ ಎದ್ದು ನಿಂತು, “ಸಾಹೇಬ್ರ, ಈಗ ಬಂದ್ರೇನ್ರೀ? ನಿನ್ನಿ ನಿಮ್ಮ ಕಚೇರಿಗಿ ಬಂದು ಮಧ್ಯಾನತನಕ ಕುಂತಿದ್ದೆ” ಎಂದರು.

ನನಗೆ ಮುಖ ಎತ್ತಲಾಗಲಿಲ್ಲ. ನಾಗಮ್ಮ ಬಂದಿದ್ದಾರೆಂದು ಹುಸೇನಸಾಬರು ಎರಡು ಸಲ ಹೇಳಿದ್ದರು. ಅಂಗಡಿಯವರು ಬಂದರೆ ಏನಾದರೂ ರಿಯಾಯಿತಿ ಕೇಳಲೇ ಬಂದಿರುತ್ತಾರೆಂದು ನಾನು ಒಳಗೇ ಕೂತು, ಸಾಹೇಬರು ದೌರಾದ ಮೇಲೆ ಹಳ್ಳಿಗಳ ಪ್ರವಾಸಕ್ಕೆ ಹೋಗಿದ್ದಾರೆ ಎಂದು ಹೇಳಿಸಿದ್ದೆ.

ಅವರು ನನ್ನನ್ನು ಒಳಗೆ ಕರೆದು ಎರಡು ಬಾಟಲಿ ತೆರೆದರು. ಒಂದು ಹಳೆಯ ಸರಕು, ಇನ್ನೊಂದು ಮೂರು ದಿನದ ಹಿಂದೆ ಸಗಟು ವ್ಯಾಪಾರಿಯಿಂದ ಬಂದದ್ದು. ಮೂಸಿ ನೋಡಲು ಹೇಳಿದರು. ಎರಡೂ ನನಗೆ ಒಂದೇ ಹುಳಿ ವಾಸನೆ.

“ಹೊಸಾದ್ರಾಗ ಪಾಲಿಶ್ ಮಿಸ್ತ್ರಿ ಕೈ ವಾಸನಿ ಅದ ನೋಡ್ರಿ. ಕಪಾಟ ಪಾಲಿಶ್ ಮಾಡಿ ಬಂದಾವನ ಕೈ ಇರ್ತಾವಲ್ಲ, ಹಂಗ.”

ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಮರಕ್ಕೆ ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್ಟಿಗೆ, ಯಾರೂ ಕುಡಿಯದಿರಲೆಂದು ಕೆಟ್ಟ ವಾಸನೆಯ ವಿಷದ್ರವ್ಯ ಬೆರೆಸಿರುತ್ತಾರೆ. ಅದನ್ನು ಡಿನೇಚರ್ಡ್ ಸ್ಪಿರಿಟ್ ಎನ್ನುತ್ತಾರೆ. ಕಳ್ಳರು ಇದ್ದಿಲಿನಲ್ಲಿ ಸೋಸಿ ವಾಸನೆ ತೆಗೆಯುತ್ತಾರೆ, ವಿಷ ಹೋಗುವುದಿಲ್ಲ. ಕುಡಿದವರ ಕಣ್ಣು ಹೋಗುತ್ತದೆ, ಹೆಚ್ಚು ಕುಡಿದರೆ ಪ್ರಾಣವೇ ಹೋಗುತ್ತದೆ. ಬಿಸಿಲಿಗೆ ಸತ್ವ ಕಳೆದುಕೊಂಡ ಬಿಯರಿಗೆ ಯಾರೋ ಇದನ್ನು ಸೇರಿಸಿ ಖಾರ ಮಾಡಿದ್ದರೆ?

“ಪೆಟ್ಟಿಗಿ ಇಳಸೂ ಮುಂದ ಒಂದು ಬಾಟ್ಲಿ ಒಡೀತ್ರಿ. ಆವಾಗ ಮೂಗಿಗಿ ಬಡೀತು. ಆದ್ರ ಅದಕ್ಕೂ ಮದ್ಲ ಒಂದು ಪೆಟ್ಟಿಗಿ ಗಾಡ್ಯಾಗಿಂದ ನೇರ ಹೋಗಿಬಿಟ್ಟಿತ್ತು.” ಅವರ ದನಿ ಕುಗ್ಗಿತು. “ಶಹಾಪುರದ ಆಚಿ, ಸುರಪುರದ ದಾರ್ಯಾಗ ಹಳ್ಳಕ್ಕ ಸೇತುವಿ ಕಟ್ಟಾಕತ್ಯಾರಲ್ರಿ, ಅಲ್ಲಿಗಿ. ಬಸ್ಸಿನವನ ಕೈಲಿ ಚೀಟಿ ಕಳಿಸೀನಿ, ಜವಾಬು ಬಂದಿಲ್ಲ. ಇವತ್ತ ಸ್ಲ್ಯಾಬ್ ಮುಗೀತದ. ಮಧ್ಯಾನ ಊಟದಾಗ ಒಡೀತಾರ.”

ನಿಯಮದ ಪ್ರಕಾರ ನಾನು ಸ್ಯಾಂಪಲ್ ತೆಗೆದು, ಅರಗಿನ ಮುದ್ರೆ ಒತ್ತಿ, ಸರಕಾರಿ ರಾಸಾಯನಿಕ ಪರೀಕ್ಷಕರಿಗೆ ಕಳಿಸಬೇಕು. ಉತ್ತರ ಬರಲು ವಾರಗಳು ಬೇಕು. ಒಬ್ಬ ಮುದುಕಿಯ ಮೂಗನ್ನು ನಂಬಿ ಆ ಔತಣ ನಿಲ್ಲಿಸಿ ಆಮೇಲೆ ಅದು ಸುಳ್ಳೆಂದಾದರೆ, ಗುತ್ತಿಗೆದಾರ ನನ್ನ ಮೇಲೆ ದೂರು ಕೊಡುವುದು ಖಂಡಿತ. ಅವರ ಕಡೆ ನೋಡಿದೆ. ಆಗಲೇ ಅಂಗಡಿಯ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನಡೀರಿ ಅಮ್ಮಾ” ಎಂದೆ.

ಇಲಾಖೆ ನನಗೆ ಕೊಟ್ಟಿದ್ದ ವಾಹನವೆಂದರೆ ಒಂದು ಸೈಕಲ್. ಹತ್ತಿ ಮಿಲ್ಲಿನಿಂದ ಶಹಾಪುರಕ್ಕೆ ಖಾಲಿ ಹೊರಟಿದ್ದ ಲಾರಿಯನ್ನು, ನಾನು ಕಚೇರಿಯಿಂದ ಕರೆಸಿಕೊಂಡ ಹುಸೇನಸಾಬರು ಅಡ್ಡಗಟ್ಟಿ ನಿಲ್ಲಿಸಿದರು. ಸೇತುವೆಯ ತನಕ ಬಿಟ್ಟು ಬರಲು ಡ್ರೈವರನನ್ನು ಒಪ್ಪಿಸಿದವರೂ ಅವರೇ. ಮೂವರೂ ಹತ್ತಿ ಹೊರಟೆವು.

ನಾವು ತಲುಪಿದಾಗ ಊಟದ ಸಾಲು ಕೂತಾಗಿತ್ತು. ಮೂವತ್ತಕ್ಕೂ ಹೆಚ್ಚು ಕೂಲಿಕಾರರು. ಬಹಳಷ್ಟು ಜನ ಸಗರ ಮತ್ತು ಅದರ ಸುತ್ತಲಿನ ಊರುಗಳವರು. ಸೇಂದಿ ಕುಡಿದು ಗೊತ್ತಿದ್ದವರು, ಬಿಯರ್ ಕಂಡವರಲ್ಲ. ಸಾಹೇಬರು ಕುಡಿಯುವುದನ್ನು ನಿಮಗೂ ಕುಡಿಸುತ್ತೇನೆಂದು ಗುತ್ತಿಗೆದಾರ ಮಾತು ಕೊಟ್ಟಿದ್ದನಂತೆ. ಅದರ ನಿಜವಾದ ವಾಸನೆ ಹೇಗಿರುತ್ತದೆಂದು ಆ ಕೂಲಿಕಾರರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪೆಟ್ಟಿಗೆ ಒಡೆದಿದ್ದರು. ಮೇಸ್ತ್ರಿ ಭೀಮಣ್ಣ ಮಾತ್ರ ರುಚಿ ನೋಡುವ ನೆಪದಲ್ಲಿ ಎರಡು ಗ್ಲಾಸು ಕುಡಿದು, ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದ.

ನಾನು ಇಲಾಖೆಯ ಹೆಸರು ಹೇಳಿ ಬಾಟಲಿಗಳನ್ನು ಮುಟ್ಟಬೇಡಿ ಎಂದೆ. ಕಾರಣ ಕೇಳಿ ಭೀಮಣ್ಣ ಗಹಗಹಿಸಿ ನಕ್ಕ. “ಮುದುಕಿ ಮೂಗು ನಂಬಿ ನಮ್ಮ ಖುಷಿ ಕೆಡಸ್ತೀರೇನ್ರೀ ಸಾಹೇಬ್ರ? ಹಂಗಿದ್ರ ಒಂದು ಪರೀಕ್ಷಾ ಆಗೇ ಹೋಗಲಿ.”

ಅವನ ಬಳಿ, ಗುತ್ತಿಗೆದಾರನಿಗೆಂದು ನಾಗಮ್ಮನ ಅಂಗಡಿಯಿಂದಲೇ ಹಿಂದೊಮ್ಮೆ ತಂದಿದ್ದ ಎರಡು ಹಳೆಯ ಬಾಟಲಿಗಳಿದ್ದವು. ನಾಗಮ್ಮನನ್ನು ಬೆನ್ನು ತಿರುಗಿಸಿ ಕೂರಿಸಿ, ಎಂಟು ತಗಡಿನ ಲೋಟಗಳಿಗೆ ಬಿಯರ್ ಸುರಿದ. ಎರಡರಲ್ಲಿ ಹಳೆಯದು, ಆರರಲ್ಲಿ ಹೊಸ ಪೆಟ್ಟಿಗೆಯ ಆರು ಬೇರೆ ಬೇರೆ ಬಾಟಲಿಗಳದ್ದು. ಯಾವ ಲೋಟಕ್ಕೆ ಯಾವ ಬಾಟಲಿ ಎಂದು ನಾನು ಗುರುತು ಹಾಕಿಕೊಂಡೆ. ಕೂಲಿಯವರೆಲ್ಲ ಊಟ ಬಿಟ್ಟು ಸುತ್ತ ನೆರೆದರು.

ನಾಗಮ್ಮ ತಿರುಗಿ ಕೂತು ಕೈ ತೊಳೆದುಕೊಂಡು, ಸೆರಗಿನಿಂದ ಮೂಗು ಒರೆಸಿಕೊಂಡರು. ಒಂದೊಂದೇ ಲೋಟ ಎತ್ತಿ ಒಮ್ಮೆ ಮಾತ್ರ ಮೂಸಿ ಕೆಳಗಿಟ್ಟರು. ಪ್ರತಿ ಸಲ ಮುಖ ಪಕ್ಕಕ್ಕೆ ತಿರುಗಿಸಿ ಗಾಳಿ ಎಳೆದುಕೊಳ್ಳುತ್ತಿದ್ದರು. ಕೊನೆಗೆ ಮೂರು ಲೋಟಗಳನ್ನು ಬೇರೆಯಿಟ್ಟು, “ಇವು ಕುಡಿಯೂವು. ಉಳಿದದ್ದು ಚೆಲ್ರಿ” ಎಂದರು.

“ಹಳೇವು ಎರಡೇ ಅದಾವ, ಆಯಿ! ನೀ ಮೂರು ತಗದೀ!” ಭೀಮಣ್ಣ ಚಪ್ಪಾಳೆ ತಟ್ಟಿದ. ಜನ ಹೋ ಎಂದು ನಕ್ಕರು. ನಾನು ನನ್ನ ಗುರುತು ನೋಡಿಕೊಂಡೆ. ಹಳೆಯ ಎರಡೂ ಆ ಮೂರರಲ್ಲಿ ಇದ್ದವು, ನಿಜ. ಆದರೆ ಮೂರನೆಯದು ಹೊಸ ಪೆಟ್ಟಿಗೆಯದು.

ನಾಗಮ್ಮ ದನಿ ಏರಿಸಲಿಲ್ಲ. “ನಾ ಹಳೇದು ಹೊಸಾದು ಹೇಳಿಲ್ಲಪ್ಪ. ಚಲೋದು ಕೆಟ್ಟದ್ದು ಹೇಳೀನಿ.”

ಆಗ ನನಗೆ ತರಬೇತಿಯಲ್ಲಿ ಕೇಳಿದ್ದ ಮುಚ್ಚಳದ ವಿಷಯ ನೆನಪಾಯಿತು. ಬಾಟಲಿಯ ತಗಡಿನ ಮುಚ್ಚಳವನ್ನು ಯಂತ್ರ ಒಂದೇ ಸಲ ಒತ್ತುತ್ತದೆ. ಒಮ್ಮೆ ತೆಗೆದು ಮತ್ತೆ ಒತ್ತಿದರೆ ಅಂಚಿನ ಸುತ್ತಲೂ ಇಕ್ಕಳದ ಗೀರು ಉಳಿಯುತ್ತದೆ. ಆಯಾ ಬಾಟಲಿಯ ಬುಡದಲ್ಲೇ ಬಿದ್ದಿದ್ದ ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ, ಹುಸೇನಸಾಬರ ಕನ್ನಡಕವನ್ನು ಭೂತಗನ್ನಡಿಯಂತೆ ಹಿಡಿದು ನೋಡಿದೆ. ಹೊಸ ಪೆಟ್ಟಿಗೆಯ ಐದು ಮುಚ್ಚಳಗಳಲ್ಲಿ ಗೀರುಗಳಿದ್ದವು. ಆರನೆಯದರಲ್ಲಿ ಇರಲಿಲ್ಲ. ಅದು ನಾಗಮ್ಮ ಒಳ್ಳೆಯದೆಂದು ಬೇರೆಯಿಟ್ಟ ಮೂರನೆಯ ಲೋಟದ ಬಾಟಲಿ. ಕಳ್ಳರು ಅದೊಂದನ್ನು ಮುಟ್ಟದೆ ಬಿಟ್ಟಿದ್ದರು.

ನಾನು ಮುಚ್ಚಳಗಳನ್ನು ಎತ್ತಿ ತೋರಿಸಿದೆ. ನಗು ನಿಂತಿತು. ಕೈಯಲ್ಲಿ ಬಾಟಲಿ ಹಿಡಿದಿದ್ದವನೊಬ್ಬ ಅದನ್ನು ಮಗುವನ್ನು ಮಲಗಿಸುವಂತೆ ಮೆಲ್ಲಗೆ ನೆಲಕ್ಕಿಟ್ಟು ಹಿಂದೆ ಸರಿದ. ನನ್ನ ಮೈಮೇಲಿನ ರೋಮಗಳು ಎದ್ದು ನಿಂತಿದ್ದವು. ದೇವಸ್ಥಾನದಲ್ಲಿ ಕೈಮುಗಿದಾಗಲೂ ನನಗೆ ಹಾಗಾಗಿರಲಿಲ್ಲ.

ನಾಗಮ್ಮ ಮಾತ್ರ ಭೀಮಣ್ಣನ ಮುಖವನ್ನೇ ನೋಡುತ್ತಿದ್ದರು. “ನೀ ಎಷ್ಟು ಕುಡದೀಯೋ ತಮ್ಮಾ?”

“ಎರಡು ಗ್ಲಾಸು... ನನಗೇನೂ ಆಗಿಲ್ಲಲ್ಲ ಆಯಿ.”

“ಈಗ ಆಗಂಗಿಲ್ಲ, ನಾಳಿ ಆಗ್ತದ. ಸಾಹೇಬ್ರ, ಇವನ್ನ ದವಾಖಾನಿಗಿ ಒಯ್ರಿ.”

ಗುತ್ತಿಗೆದಾರನ ಜೀಪಿನಲ್ಲಿ ಅವನನ್ನು ಯಾದಗಿರಿಯ ಆಸ್ಪತ್ರೆಗೆ ತಂದೆವು. ಮರುದಿನ ಬೆಳಿಗ್ಗೆ ಎದ್ದವನೇ ಕಣ್ಣ ಮುಂದೆ ಮಂಜು ಕವಿದಿದೆ ಎಂದು ಅಳತೊಡಗಿದ. ಬೇಗ ಕರೆತಂದದ್ದಕ್ಕೆ ಉಳಿದ ಎಂದರು ಡಾಕ್ಟರು. ಮೂರನೆಯ ದಿನಕ್ಕೆ ಮಂಜು ಕರಗಿತು. ನೋಡಲು ಬಂದ ನಾಗಮ್ಮನ ಕಾಲು ಹಿಡಿದು ಅವನು, “ನಿನ್ನ ಮೂಗಿಗಿ ನಕ್ಕಿದ್ದೆ ಆಯಿ, ಈಗ ನಿನ್ನ ಮಾರಿ ಕಾಣಾಕತ್ತದ” ಎಂದ.

ಪರೀಕ್ಷಕರ ವರದಿ ಬರಲು ತಿಂಗಳಿಗೂ ಹೆಚ್ಚು ಹಿಡಿಯಿತು. ಐದು ಬಾಟಲಿಗಳಲ್ಲಿ ಡಿನೇಚರ್ಡ್ ಸ್ಪಿರಿಟ್, ಆರನೆಯದು ಶುದ್ಧ. ಸಗಟು ವ್ಯಾಪಾರಿಯ ಗೋದಾಮಿನಲ್ಲಿ ಇದ್ದಿಲು, ಇಕ್ಕಳ, ಸ್ಪಿರಿಟ್ ಡಬ್ಬಿಗಳು ಸಿಕ್ಕವು. ಅವನಿಗೆ ಶಿಕ್ಷೆಯಾಯಿತು.

ಪ್ರಕರಣದ ನಮೂನೆಯಲ್ಲಿ ‘ಕಲಬೆರಕೆ ಪತ್ತೆಯಾದ ಬಗೆ’ ಎಂಬ ಕಲಂ ಇತ್ತು. ‘ಪರವಾನಗಿದಾರರಾದ ನಾಗಮ್ಮನವರು ಮೂಸಿ ಪತ್ತೆ ಮಾಡಿದರು’ ಎಂದು ಬರೆದೆ. ಮೂಸುವುದು ಸರಕಾರ ಒಪ್ಪುವ ಪರೀಕ್ಷೆಯಲ್ಲ ಎಂದು ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಹೊಡೆದು ಹಿಂದಕ್ಕೆ ಕಳಿಸಿದರು. ನಾನು ಅದೇ ವಾಕ್ಯವನ್ನು ಮತ್ತೆ ಬರೆದು, ‘ರಾಸಾಯನಿಕ ಪರೀಕ್ಷಕರೂ ನಂತರ ಅದನ್ನೇ ಹೇಳಿದ್ದಾರೆ’ ಎಂದು ಸೇರಿಸಿದೆ. ಕಡತ ಎರಡನೆಯ ಸಲ ಹಿಂತಿರುಗಲಿಲ್ಲ.

ಯಾದಗಿರಿಯಲ್ಲಿದ್ದ ಮೂರು ವರ್ಷವೂ ಬಿಡುವಾದಾಗ ಆ ಅಂಗಡಿಗೆ ಹೋಗಿ, ಆ ವಿದ್ಯೆ ಕಲಿಸಿ ಎಂದು ಪೀಡಿಸುತ್ತಿದ್ದೆ. ನಾಗಮ್ಮ ಜೀವಮಾನದಲ್ಲಿ ಒಂದು ಹನಿ ಮದ್ಯ ಕುಡಿದವರಲ್ಲ. “ಬಾಯಿಗಿ ಹಚ್ಚಿದವರ ಮೂಗು ಸುಳ್ಳ ಹೇಳ್ತದ್ರಿ” ಎನ್ನುತ್ತಿದ್ದರು. ಎರಡು ಬಟ್ಟಲು ಮುಂದಿಟ್ಟು ನನ್ನ ಕೈಲಿ ಮೂಸಿಸುತ್ತಿದ್ದರು. ಎಷ್ಟು ಸಲ ಮೂಸಿದರೂ ನನಗೆ ಭೇದ ತಿಳಿಯಲಿಲ್ಲ. ಕೊನೆಗೊಂದು ದಿನ ಬಟ್ಟಲು ತೆಗೆದಿಟ್ಟು, “ಇದು ನಿಮಗ ಬರಂಗಿಲ್ಲ ಸಾಹೇಬ್ರ. ನಾ ಮೂಸ್ತೀನಿ, ನೀವು ಕೇಳಿ ಬರಕೋರಿ” ಎಂದರು.

ಮೂವತ್ತು ವರ್ಷಕ್ಕೂ ಮೇಲೆ ನೌಕರಿ ಮಾಡಿದೆ. ಅಧಿಕಾರಿಯ ಕೆಲಸವೇನೆಂಬುದನ್ನು ಇಷ್ಟು ಸರಿಯಾಗಿ ನನಗೆ ಬೇರೆ ಯಾರೂ ಹೇಳಿಕೊಡಲಿಲ್ಲ.